ಮತ್ತೆ ನಿಲ್ಲಬಹುದಾದ ಜಾಗ: ಕೊಪ್ಪಳ ಸೀಮೆಯಲ್ಲಿ ಕಟ್ಟಡಗಳ ಛಾಯಾಗ್ರಹಣ

ಕಟ್ಟಡವನ್ನೇ ಮುಖ್ಯ ವಸ್ತುವಾಗಿಟ್ಟುಕೊಂಡು, ಅದರ ಆಕಾರ, ಅಳತೆ, ಕಟ್ಟಿದ ಕ್ರಮ ಮತ್ತು ಚಿತ್ರ ತೆಗೆದ ದಿನದ ಸ್ಥಿತಿ ಇವೆಲ್ಲ ನೋಡುವವರಿಗೆ ಖಚಿತವಾಗಿ ತಿಳಿಯುವಂತೆ ದಾಖಲಿಸುವ ಕೆಲಸಕ್ಕೆ ಕಟ್ಟಡಗಳ ಛಾಯಾಗ್ರಹಣ ಎನ್ನುತ್ತಾರೆ. ದೊಡ್ಡ ನಗರಗಳಲ್ಲಿ ವಾಸ್ತುಶಿಲ್ಪಿಗಳು, ನಿರ್ಮಾಣ ಸಂಸ್ಥೆಗಳು ಮತ್ತು ಪತ್ರಿಕೆಗಳು ಈ ವೃತ್ತಿಯನ್ನು ಸಾಕುತ್ತವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಂಥ ಊರುಗಳಲ್ಲಿ ಇದೊಂದನ್ನೇ ನಂಬಿ ಬದುಕುವುದು ಕಷ್ಟವಾದ್ದರಿಂದ, ಮದುವೆಯ ಆಲ್ಬಮ್, ಶಾಲೆಯ ಗುಂಪುಚಿತ್ರ, ಗುತ್ತಿಗೆದಾರರು ಬಿಲ್ಲಿನೊಂದಿಗೆ ಲಗತ್ತಿಸುವ ಕಾಮಗಾರಿಯ ಚಿತ್ರ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಗಂಗಾವತಿಯ ಸುತ್ತ ಬೆಳೆದ ಅಕ್ಕಿ ಗಿರಣಿಗಳ ಚಿತ್ರ, ಕುಷ್ಟಗಿ ಭಾಗದ ಕೆಂಪು ಗ್ರಾನೈಟ್ ವ್ಯಾಪಾರಿಗಳಿಗೆ ಬೇಕಾದ ಮಾದರಿ ಪುಸ್ತಕ, ಇವುಗಳಿಂದ ಬಂದ ಹಣವೇ ಗುಡಿ, ಕೋಟೆ, ಹಳೆಯ ಮನೆಗಳ ಚಿತ್ರಗಳಿಗೆ ತಗಲುವ ಖರ್ಚನ್ನು ತುಂಬುತ್ತದೆ. ಈ ಲೇಖಕನ ದುಡಿಮೆಯ ವರ್ಷಗಳೂ ಹೀಗೆಯೇ ಎರಡು ಪಾಲಾಗಿ ಕಳೆದವು. ಹಣ ತಂದ ಪಾಲಿನ ಬಗ್ಗೆ ಹೇಳುವುದು ಕಡಿಮೆ, ಹಣ ಕೇಳಿದ ಪಾಲಿನ ಬಗ್ಗೆ ಹೇಳಬೇಕಾದದ್ದು ಹೆಚ್ಚು.

ಈ ಸೀಮೆಯ ಕಟ್ಟಡಗಳ ವೈವಿಧ್ಯಕ್ಕೂ ಅವುಗಳ ಚಿತ್ರಗಳು ಕಡಿಮೆ ಇರುವುದಕ್ಕೂ ಇಲ್ಲಿನ ಆಡಳಿತದ ಇತಿಹಾಸ ಕಾರಣವಾಗಿದೆ. 1948ರವರೆಗೆ ನಿಜಾಮನ ಹೈದರಾಬಾದಿಗೆ, 1956ರ ತನಕ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದು, ಆಮೇಲೆ ರಾಯಚೂರು ಜಿಲ್ಲೆಯ ಅಂಚಿನ ತಾಲ್ಲೂಕುಗಳಾಗಿ ಉಳಿದು, 1997ರಲ್ಲಿ ಮಾತ್ರ ಸ್ವಂತ ಜಿಲ್ಲೆಯಾದ ಈ ನಾಲ್ಕು ಊರುಗಳ ಸುತ್ತಲಿನ ಪ್ರದೇಶವು ಬಾದಾಮಿ, ಲಕ್ಕುಂಡಿ, ಹಂಪೆಗಳ ನಡುವೆ ಇದ್ದೂ ಆ ಊರುಗಳಿಗೆ ಹೋಗುವವರ ದಾರಿಯಲ್ಲಿ ಮಾತ್ರ ಕಾಣಿಸಿಕೊಂಡಿತು. 1914ರಲ್ಲಿ ಸ್ಥಾಪನೆಯಾದ ಹೈದರಾಬಾದಿನ ಪುರಾತತ್ವ ಇಲಾಖೆಯು ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಇಲ್ಲಿ ಕೆಲಸ ಮಾಡಿತಾದರೂ ಅದರ ಗಮನ ಹೆಚ್ಚಾಗಿ ಶಾಸನಗಳ ಮೇಲಿತ್ತು. 1931ರಲ್ಲಿ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳು ಬೆಳಕಿಗೆ ಬಂದ ಬಳಿಕ ಆ ಒಲವು ಇನ್ನಷ್ಟು ಬಲವಾಯಿತು. ಅಕ್ಷರವಿರುವ ಕಲ್ಲಿಗೆ ಸಿಕ್ಕ ಕ್ಯಾಮೆರಾ ಅಕ್ಷರವಿಲ್ಲದ ಗೋಡೆಗೆ ಅಷ್ಟಾಗಿ ಸಿಗಲಿಲ್ಲ.

ಈ ನೆಲದ ಕಟ್ಟಡಗಳ ಛಾಯಾಗ್ರಹಣದ ಪರಂಪರೆಯಾದರೂ ಬಹಳ ಹಳೆಯದು. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಎದುರಿನ ದಡದಲ್ಲಿ 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ವಿಜಯನಗರದ ಅವಶೇಷಗಳ ಚಿತ್ರಗಳನ್ನು ತೆಗೆದನು. ಆತ ಬಳಸಿದ್ದು ಮೇಣ ಹಿಡಿಸಿದ ಕಾಗದದ ನೆಗೆಟಿವ್. ತೆಳುವಾದ ಕಾಗದವನ್ನು ಕರಗಿದ ಮೇಣದಲ್ಲಿ ಅದ್ದಿ ಬೆಳಕು ಹಾಯುವಂತೆ ಮಾಡಿ, ಅದಕ್ಕೆ ಬೆಳ್ಳಿಯ ಲವಣಗಳನ್ನು ಹಿಡಿಸಿ, ದೊಡ್ಡ ಮರದ ಕ್ಯಾಮೆರಾದಲ್ಲಿಟ್ಟು ಬೆಳಕಿಗೆ ಒಡ್ಡುವ ವಿಧಾನ ಅದು. ಅದೇ ಕಾಲಕ್ಕೆ ಹೊಸದಾಗಿ ಬಂದಿದ್ದ ಗಾಜಿನ ಹಸಿ ಫಲಕದ ವಿಧಾನದಲ್ಲಿ ಲೇಪ ಒಣಗುವುದರೊಳಗೆ ಚಿತ್ರ ತೆಗೆದು ತೊಳೆಯಬೇಕಿತ್ತು. ತುಂಗಭದ್ರೆಯ ಬಂಡೆಗಳ ಕಾವಿನಲ್ಲಿ ಅದು ಎಷ್ಟು ಬೇಗ ಒಣಗುತ್ತಿತ್ತೆಂಬುದನ್ನು ಈ ಭಾಗದ ಬಿಸಿಲು ಕಂಡವರು ಊಹಿಸಬಲ್ಲರು. ಮೇಣದ ಕಾಗದವನ್ನಾದರೆ ಕೆಲವು ದಿನ ಮೊದಲೇ ಸಿದ್ಧಪಡಿಸಿಟ್ಟುಕೊಳ್ಳಬಹುದಿತ್ತು, ಚಿತ್ರ ತೆಗೆದ ಮೇಲೆಯೂ ಬಿಡುವಾಗಿ ತೊಳೆಯಬಹುದಿತ್ತು.

ಗ್ರೀನ್‌ಲಾನ ನೆಗೆಟಿವ್‌ಗಳು ಬಹುಕಾಲ ಕಣ್ಮರೆಯಾಗಿದ್ದು, ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮತ್ತೆ ವಿದ್ವಾಂಸರ ಗಮನಕ್ಕೆ ಬಂದವು. ಆಗ ಮೆಲ್ಬರ್ನ್‌ನ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕರು 1983ರಲ್ಲಿ ಅವೇ ಜಾಗಗಳನ್ನು ಹುಡುಕಿ ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಗೋಲಿಂಗ್ಸ್ ವಾಸ್ತುಶಿಲ್ಪವನ್ನು ಓದಿದವರು; ತಮ್ಮ ದೇಶದಲ್ಲಿ ಹೊಸ ಕಟ್ಟಡಗಳ ಚಿತ್ರಗಳಿಂದ ಜೀವನ ನಡೆಸುತ್ತ, ಹಳೆಯ ನಗರಗಳ ಅವಶೇಷಗಳಲ್ಲಿ ತಮ್ಮ ಆಸಕ್ತಿಯನ್ನು ಬೆಳೆಸಿಕೊಂಡವರು. ಜಾರ್ಜ್ ಮಿಷೆಲ್ ಮತ್ತು ಜಾನ್ ಫ್ರಿಟ್ಜ್ ನಡೆಸುತ್ತಿದ್ದ ವಿಜಯನಗರ ಸಂಶೋಧನೆಯ ಜೊತೆ ಅವರ ಕೆಲಸ ಸೇರಿಕೊಂಡಿತು. ಎರಡು ಕಾಲದ ಚಿತ್ರಗಳನ್ನು ಜೊತೆಗಿಟ್ಟು ಕರ್ನಾಟಕದ ಪುರಾತತ್ವ ಮತ್ತು ವಸ್ತುಸಂಗ್ರಹಾಲಯಗಳ ನಿರ್ದೇಶನಾಲಯವು 1988ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿತು. ಹಂಪೆಯ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ 1856ರಲ್ಲಿ ಇಟ್ಟಿಗೆಯ ಶಿಖರವೊಂದು ಇತ್ತೆಂಬುದೂ ಈಗ ಜನರ ಮನಸ್ಸಿನಲ್ಲಿ ನೆಲೆಸಿರುವ ಚಪ್ಪಟೆ ತಲೆಯ ರಥವು ಆ ಶಿಖರ ಹೋದ ಮೇಲಿನ ರೂಪವೆಂಬುದೂ ಆ ಹಳೆಯ ಚಿತ್ರದಿಂದ ಯಾರಿಗಾದರೂ ತಿಳಿಯುತ್ತದೆ.

ಆ ಜೋಡಿ ಚಿತ್ರಗಳು ಈ ಲೇಖಕನ ವೃತ್ತಿಯ ದಿಕ್ಕನ್ನು ನಿರ್ಧರಿಸಿದವು. ಅಲ್ಲಿಯವರೆಗೆ ಒಳ್ಳೆಯ ಚಿತ್ರವೆಂದರೆ ಮೋಡ, ನೆರಳು, ಚೌಕಟ್ಟುಗಳ ಹೊಂದಾಣಿಕೆ ಎಂಬ ಸ್ಟುಡಿಯೊ ಕಾಲದ ತಿಳಿವಳಿಕೆಯೇ ಸಾಕಾಗಿತ್ತು. ಅದಾದ ಮೇಲೆ, ಬೇರೊಬ್ಬನು ನೂರು ವರ್ಷದ ಬಳಿಕ ಬಂದು ಅದೇ ಜಾಗದಲ್ಲಿ ನಿಂತು ಅದೇ ಚಿತ್ರವನ್ನು ಮತ್ತೆ ತೆಗೆಯಲು ಸಾಧ್ಯವೇ ಎಂಬುದು ಪ್ರತಿ ಚಿತ್ರಕ್ಕೂ ಕೇಳಿಕೊಳ್ಳುವ ಮೊದಲ ಪ್ರಶ್ನೆಯಾಯಿತು.

ಈ ಪ್ರಶ್ನೆಗೆ ಉತ್ತರ ಕೊಡಲು ಬೇಕಾದ ಸಾಧನ ಮೂಲತಃ ಸರಳವಾದದ್ದು. ಸಾಮಾನ್ಯ ಕ್ಯಾಮೆರಾವನ್ನು ಎತ್ತರದ ಶಿಖರದ ಕಡೆಗೆ ಓರೆಯಾಗಿ ಎತ್ತಿದರೆ ಕಟ್ಟಡದ ಲಂಬ ರೇಖೆಗಳು ಮೇಲೆ ಹೋದಂತೆ ಒಂದರತ್ತ ಒಂದು ಬಾಗಿ, ಗುಡಿ ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ. ಇದನ್ನು ತಪ್ಪಿಸಲು ಕ್ಯಾಮೆರಾವನ್ನು ಮಟ್ಟಸವಾಗಿಯೇ ಇಟ್ಟು ಲೆನ್ಸನ್ನು ಮಾತ್ರ ಮೇಲಕ್ಕೆ ಸರಿಸಬೇಕು. ಹಾಳೆ ಫಿಲ್ಮ್ ಹಾಕುವ ದೊಡ್ಡ ಕ್ಯಾಮೆರಾದಲ್ಲಿ ಲೆನ್ಸ್ ಒಂದು ಹಲಗೆಯ ಮೇಲೆಯೂ ಫಿಲ್ಮ್ ಇನ್ನೊಂದು ಹಲಗೆಯ ಮೇಲೆಯೂ ಇದ್ದು, ನಡುವೆ ಹಾರ್ಮೋನಿಯಂ ತಿದಿಯಂಥ ಮಡಿಕೆಗಳ ಬೆಲ್ಲೋಸ್ ಇರುವುದರಿಂದ ಹೀಗೆ ಸರಿಸುವುದು ಸಾಧ್ಯವಾಗುತ್ತದೆ. ಚಿಕ್ಕ ಕ್ಯಾಮೆರಾಗಳಿಗೆ ಇದೇ ಕೆಲಸ ಮಾಡುವ ಶಿಫ್ಟ್ ಲೆನ್ಸ್‌ಗಳು 1960ರ ದಶಕದಿಂದ ಬಂದವು. ದೊಡ್ಡ ಕ್ಯಾಮೆರಾದ ಹಿಂಬದಿಯ ಮಬ್ಬು ಗಾಜಿನ ಮೇಲೆ ಬಿಂಬವು ತಲೆಕೆಳಗಾಗಿ ಮೂಡುತ್ತದೆ, ಅದನ್ನು ಕಪ್ಪು ಬಟ್ಟೆ ಹೊದ್ದುಕೊಂಡು ನೋಡಬೇಕಾಗುತ್ತದೆ. ಏಪ್ರಿಲ್ ತಿಂಗಳ ಯಲಬುರ್ಗಾದಲ್ಲಿ ಕಪ್ಪು ಬಟ್ಟೆಯೊಳಗೆ ತಲೆಯಿಟ್ಟು ನಿಲ್ಲುವುದು ಸುಖದ ಕೆಲಸವಲ್ಲವಾದರೂ, ತಲೆಕೆಳಗಾದ ಗುಡಿಯಲ್ಲಿ ದೇವರು, ಕಥೆ, ಅಲಂಕಾರಗಳ ಪರಿಚಯವೆಲ್ಲ ಹಿಂದೆ ಸರಿದು ಗೋಡೆ, ತೆರಪು, ಭಾರ, ಆಧಾರಗಳ ಸಂಬಂಧ ಮಾತ್ರ ಕಣ್ಣಿಗೆ ಬೀಳುತ್ತದೆ. ಕಟ್ಟಡವನ್ನು ಓದಲು ಈ ಲೇಖಕನಿಗೆ ಕಲಿಸಿದ್ದು ಆ ಮಬ್ಬು ಗಾಜು.

ಕಟ್ಟಡಗಳ ಛಾಯಾಗ್ರಾಹಕನ ನಿಜವಾದ ಒಡೆಯ ಸೂರ್ಯನೆಂಬುದು ಇಟಗಿಯಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿದ್ದು, ಈಗ ಹೊಸ ಕುಕನೂರು ತಾಲ್ಲೂಕಿಗೆ ಸೇರಿರುವ ಈ ಊರಿನ ಮಹಾದೇವ ದೇವಾಲಯವನ್ನು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದನು. ಅಲ್ಲಿನ ಶಾಸನ ಅದನ್ನು ದೇವಾಲಯಗಳ ಚಕ್ರವರ್ತಿಯೆಂದು ಹೊಗಳುತ್ತದೆ. ಬಳಪದ ಕಲ್ಲಿನ ಈ ಗುಡಿಯ ಹೊರಗೋಡೆಗಳಲ್ಲಿ ಕೆತ್ತನೆ ಎಷ್ಟು ಆಳವಾಗಿಯೂ ನವಿರಾಗಿಯೂ ಇದೆಯೆಂದರೆ, ಬಿಸಿಲು ನೇರವಾಗಿ ಎದುರಿನಿಂದ ಬಿದ್ದಾಗ ಎಲ್ಲವೂ ಚಪ್ಪಟೆಯಾಗಿ, ಬಿಸಿಲೇ ಇಲ್ಲದಾಗ ಎಲ್ಲವೂ ಮಂಕಾಗಿ ಕಾಣುತ್ತದೆ. ಗೋಡೆಯನ್ನು ಸವರಿಕೊಂಡು ಹೋಗುವ ಓರೆ ಬಿಸಿಲು ಇದ್ದಾಗ ಮಾತ್ರ ಪ್ರತಿ ಅರೆಗಂಬವೂ ಅದರ ಮೇಲಿನ ಪುಟ್ಟ ಶಿಖರವೂ ತಮ್ಮ ನೆರಳಿನಿಂದ ಬೇರೆಬೇರೆಯಾಗಿ ಎದ್ದು ನಿಲ್ಲುತ್ತವೆ.

ಅಂಥ ಓರೆ ಬಿಸಿಲು ಯಾವ ಗೋಡೆಗೆ ಯಾವಾಗ ಸಿಗುತ್ತದೆಂಬುದು ಲೆಕ್ಕದ ವಿಷಯ. ಕೊಪ್ಪಳ ಸೀಮೆಯು ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಸೂರ್ಯ ಹುಟ್ಟಿನಿಂದ ಮುಳುಗಿನವರೆಗೂ ದಕ್ಷಿಣದ ಕಡೆಯೇ ಇರುತ್ತಾನೆ. ಪೂರ್ವಕ್ಕೆ ಮುಖ ಮಾಡಿದ ಇಟಗಿಯ ಗುಡಿಯ ಉತ್ತರ ಗೋಡೆಗೆ ಆ ಆರು ತಿಂಗಳು ನೇರ ಬಿಸಿಲು ತಾಗುವುದೇ ಇಲ್ಲ. ಮೇ ತಿಂಗಳ ಆರಂಭದಿಂದ ಆಗಸ್ಟ್ ಎರಡನೆಯ ವಾರದವರೆಗೆ ಮಾತ್ರ ನಡುಹಗಲಲ್ಲಿಯೂ ಸೂರ್ಯ ನೆತ್ತಿಯ ಉತ್ತರಕ್ಕೆ ವಾಲಿರುತ್ತಾನೆ. ಜೂನ್ ತಿಂಗಳಿನಲ್ಲಿ ಅವನು ಪೂರ್ವಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುವುದರಿಂದ ಬೆಳಗಿನ ಮೊದಲ ಹೊತ್ತಿನಲ್ಲಿ ಉತ್ತರ ಗೋಡೆಯ ಉದ್ದಕ್ಕೂ ಬೇಕಾದಂಥ ಓರೆ ಬೆಳಕು ಹರಿಯುತ್ತದೆ, ಆದರೆ ಅದು ಮುಂಗಾರಿನ ಮೋಡಗಳ ತಿಂಗಳೂ ಹೌದು. ದಕ್ಷಿಣ ಗೋಡೆಗೆ ಡಿಸೆಂಬರ್, ಪೂರ್ವದ ತೆರೆದ ಮಂಟಪಕ್ಕೆ ಮುಂಜಾವು, ಹಿಂಬದಿಯ ಗೋಡೆಗೆ ಇಳಿಹೊತ್ತು ಎಂದು ಹೊಂದಿಸಿಕೊಂಡರೆ, ಒಂದು ಗುಡಿಯನ್ನು ಸರಿಯಾಗಿ ದಾಖಲಿಸಲು ಒಂದು ಪೂರ್ತಿ ವರ್ಷ ಬೇಕಾಗುತ್ತದೆ. ಕೆಲಸ ಒಪ್ಪಿಸುವವರಿಗೆ ಇದನ್ನು ಅರ್ಥ ಮಾಡಿಸುವುದು ವೃತ್ತಿಯ ಕಷ್ಟಗಳಲ್ಲಿ ದೊಡ್ಡದಾಗಿತ್ತು. ಗುಡಿ ಎಲ್ಲಿಯೂ ಓಡಿಹೋಗುವುದಿಲ್ಲ, ಒಂದೇ ದಿನದಲ್ಲಿ ಮುಗಿಸಬಹುದಲ್ಲ ಎಂಬುದು ಅವರ ವಾದ.

ಒಳಾಂಗಣದ ಕಷ್ಟ ಬೇರೆ ರೀತಿಯದು. ಕುಕನೂರಿನ ನವಲಿಂಗ ದೇವಾಲಯವು ಒಂಬತ್ತನೆಯ ಶತಮಾನದ ರಾಷ್ಟ್ರಕೂಟರ ಕಾಲದ್ದು. ಒಂಬತ್ತು ಗರ್ಭಗುಡಿಗಳು ಗುಂಪಾಗಿ ಕೂಡಿಕೊಂಡಿರುವ ಅದರೊಳಗೆ ಬೆಳಕು ಬಾಗಿಲುಗಳಿಂದ ತುಣುಕು ತುಣುಕಾಗಿ ಬರುತ್ತದೆ. ಹೊಸ್ತಿಲಿನ ಬಿಸಿಲಿಗೂ ಗರ್ಭಗುಡಿಯ ಕತ್ತಲಿಗೂ ಪ್ರಖರತೆಯಲ್ಲಿ ಬಹಳ ದೊಡ್ಡ ವ್ಯತ್ಯಾಸವಿದ್ದು, ಫಿಲ್ಮ್ ಅಷ್ಟು ಅಂತರವನ್ನು ಒಟ್ಟಿಗೆ ಹಿಡಿಯಲಾರದು. ಕತ್ತಲಿಗೆ ಹೊಂದಿಸಿದರೆ ಬಾಗಿಲು ಬೆಳ್ಳಗೆ ಸುಟ್ಟುಹೋಗುತ್ತದೆ, ಬಾಗಿಲಿಗೆ ಹೊಂದಿಸಿದರೆ ಕಂಬಗಳು ಮಸಿಯಲ್ಲಿ ಮುಳುಗುತ್ತವೆ. ಫ್ಲಾಶ್ ಹಾಕಿದರೆ ಕಲ್ಲು ತನ್ನ ತಿರುವುಗಳನ್ನು ಕಳೆದುಕೊಂಡು ಗೋಡೆಗೆ ಅಂಟಿಸಿದ ಕಾಗದದಂತೆ ಕಾಣುವುದರಿಂದ, ಹೊರಗಿನ ಬಿಸಿಲನ್ನೇ ಕನ್ನಡಿಯಿಂದ ತಿರುಗಿಸಿ, ಒಳಗೆ ಹಿಡಿದ ಬಿಳಿಯ ಪಂಚೆಯ ಮೇಲೆ ಬೀಳಿಸಿ, ಅದರಿಂದ ಚೆದುರಿದ ಮೆತ್ತನೆಯ ಬೆಳಕಿನಲ್ಲಿ ದೀರ್ಘ ಹೊತ್ತು ತೆರೆದಿಟ್ಟು ಚಿತ್ರ ತೆಗೆಯುವುದು ಈ ಲೇಖಕನು ಹೆಚ್ಚಾಗಿ ನೆಚ್ಚಿದ ದಾರಿಯಾಗಿತ್ತು. ಸೂರ್ಯ ಸರಿದಂತೆ ಕನ್ನಡಿಯನ್ನೂ ಸರಿಸುತ್ತಿರಬೇಕಾದ ಈ ಕೆಲಸಕ್ಕೆ ಊರಿನ ಹುಡುಗರ ನೆರವು ತಾನಾಗಿ ಒದಗುತ್ತಿತ್ತು. ಆನೆಗೊಂದಿಯ ಹುಚ್ಚಪ್ಪಯ್ಯನ ಮಠದಲ್ಲಿಯೂ ಇದೇ ಉಪಾಯ ಬೇಕಾಯಿತು. ಅಲ್ಲಿನ ಕಡೆದು ನುಣುಪುಗೊಳಿಸಿದ ಕಪ್ಪು ಕಲ್ಲಿನ ಕಂಬಗಳು ಕನ್ನಡಿಯಂತೆ ಪ್ರತಿಫಲಿಸುವುದರಿಂದ, ಅವುಗಳ ಚಿತ್ರದಲ್ಲಿ ಛಾಯಾಗ್ರಾಹಕನ ಬಿಳಿ ಅಂಗಿಯೂ ಮೂಡದಂತೆ ಎಚ್ಚರ ವಹಿಸಬೇಕಾಗಿತ್ತು.

ಕಟ್ಟಡವೆಂದರೆ ಏನು ಎಂಬ ಪ್ರಶ್ನೆ ಗಂಗಾವತಿ ಸಮೀಪದ ಹಿರೇಬೆಣಕಲ್ ಬೆಟ್ಟದಲ್ಲಿ ಎದುರಾಗುತ್ತದೆ. ಜನ ಮೋರ್ಯರ ಗುಡ್ಡವೆಂದು ಕರೆಯುವ ಅಲ್ಲಿ ಕಬ್ಬಿಣಯುಗದ ನೂರಾರು ಬೃಹತ್ ಶಿಲಾ ರಚನೆಗಳಿವೆ. ನಿಲ್ಲಿಸಿದ ಕಲ್ಲು ಚಪ್ಪಡಿಗಳ ಮೇಲೆ ಇನ್ನೊಂದು ಚಪ್ಪಡಿ ಹೊದಿಸಿದ ಕೋಣೆಯಂಥ ಆಕಾರಗಳೇ ಅವುಗಳಲ್ಲಿ ಮುಖ್ಯ, ಕೆಲವಕ್ಕೆ ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿಯೂ ಇದೆ. 1835ರಲ್ಲಿಯೇ ಫಿಲಿಪ್ ಮೆಡೋಸ್ ಟೇಲರ್ ಇವುಗಳ ಬಗ್ಗೆ ಬರೆದಿದ್ದನು. 2021ರಲ್ಲಿ ಇವು ಯುನೆಸ್ಕೊದ ತಾತ್ಕಾಲಿಕ ಪಟ್ಟಿಯನ್ನು ಸೇರಿದವು. ಬಂಡೆಯ ಪದರುಗಳನ್ನು ಅಲ್ಲಿಯೇ ಎಬ್ಬಿಸಿ ಅಲ್ಲಿಯೇ ನಿಲ್ಲಿಸಿರುವುದರಿಂದ ಬೆಟ್ಟದ ಬಣ್ಣವೂ ಕಟ್ಟಡದ ಬಣ್ಣವೂ ಒಂದೇ ಆಗಿದ್ದು, ಚಿತ್ರದಲ್ಲಿ ಎರಡೂ ಬೆರೆತುಹೋಗುತ್ತವೆ. ಚಪ್ಪಡಿಯ ಅಂಚಿನ ನೆರಳು ಉದ್ದವಾಗಿ ನೆಲಕ್ಕೆ ಬಿದ್ದಾಗ ಮಾತ್ರ ಕೈ ಮುಟ್ಟಿದ ಕಲ್ಲು ಯಾವುದು, ಮುಟ್ಟದ ಕಲ್ಲು ಯಾವುದು ಎಂಬುದು ಬೇರೆಯಾಗುತ್ತದೆ. ಅಳತೆ ತಿಳಿಯಲು ಚಿತ್ರದಲ್ಲಿ ಒಬ್ಬ ಮನುಷ್ಯನಿರುವುದೂ ಅಲ್ಲಿ ಅಗತ್ಯ. ಕಟ್ಟಡಗಳ ಚಿತ್ರದಲ್ಲಿ ಜನರಿರಬಾರದು ಎಂಬ ಹಳೆಯ ನಿಯಮವನ್ನು ಈ ಲೇಖಕನು ಬಿಟ್ಟುಕೊಟ್ಟದ್ದು ಆ ಬೆಟ್ಟದ ಮೇಲೆ.

ಕಾಲಿದ್ದವರು ಹಂಪೆ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಗಾದೆ ಈ ಭಾಗದಲ್ಲಿ ಎಲ್ಲರ ಬಾಯಲ್ಲೂ ಇದೆ. ಛಾಯಾಗ್ರಾಹಕನಿಗೆ ಎರಡೂ ಬೇಕಾಗುತ್ತವೆ. ಕನಕಗಿರಿಯ ಕನಕಾಚಲಪತಿ ದೇವಾಲಯ ಅಲ್ಲಿನ ನಾಯಕರ ಕಾಲದ್ದಾಗಿದ್ದು, ಕಲ್ಲಿನ ಮೇಲೆ ಗಾರೆಯಿಂದ ಮಾಡಿದ ಬೊಂಬೆಗಳೂ ಊರ ಹೊರಗಿನ ವೆಂಕಟಪತಿ ಬಾವಿಯ ಮಂಟಪಗಳೂ ನೋಡುಗರನ್ನು ಹಿಡಿದು ನಿಲ್ಲಿಸುತ್ತವೆ. ಇದು ನೋಡುವುದಕ್ಕಷ್ಟೇ ಉಳಿದ ಸ್ಮಾರಕವಲ್ಲ; ಜಾತ್ರೆ, ತೇರು, ಹರಕೆಗಳಿಂದ ತುಂಬಿದ ಗುಡಿ. ಇಂಥಲ್ಲಿ ಸುಣ್ಣ, ಬಣ್ಣ, ವಿದ್ಯುತ್ ತಂತಿ, ದಾನಿಗಳ ಹೆಸರಿನ ಫಲಕ, ಗ್ರಿಲ್ ಬಾಗಿಲು ಎಲ್ಲವೂ ಚೌಕಟ್ಟಿನೊಳಗೆ ಬರುತ್ತವೆ. ಅವುಗಳನ್ನು ತಪ್ಪಿಸಿ ಚಿತ್ರ ತೆಗೆಯುವುದು ಪ್ರಾಯದ ದಿನಗಳಲ್ಲಿ ಜಾಣ್ಮೆಯೆನಿಸಿತ್ತು. ಹಳೆಯ ಚಿತ್ರಗಳನ್ನು ಹೆಚ್ಚು ನೋಡಿದಂತೆಲ್ಲ, ತೆಗೆದವರು ಗಮನಿಸದೆಯೇ ಒಳಗೆ ಬಂದ ವಸ್ತುಗಳೇ ಈಗ ಹೆಚ್ಚು ಹೇಳುತ್ತಿವೆ ಎಂಬುದು ಮನಸ್ಸಿಗೆ ಬಂತು. ತಂತಿಯನ್ನು ನೋಡಿ ಆ ಊರಿಗೆ ವಿದ್ಯುತ್ ಬಂದ ಕಾಲವನ್ನೂ ಸುಣ್ಣದ ಪದರದಿಂದ ಆ ಗುಡಿಯನ್ನು ನೋಡಿಕೊಂಡವರ ರೂಢಿಯನ್ನೂ ಮುಂದಿನವರು ಓದಬಲ್ಲರು.

ಇಷ್ಟೆಲ್ಲ ಪ್ರಸಿದ್ಧ ಸ್ಮಾರಕಗಳ ನಡುವೆ ಓಡಾಡಿದರೂ ಈ ಲೇಖಕನ ಆಸಕ್ತಿ ಕೊನೆಗೆ ನೆಲೆನಿಂತದ್ದು ಕುಷ್ಟಗಿ ಮತ್ತು ಯಲಬುರ್ಗಾ ಕಡೆಯ ಹಳ್ಳಿಗಳ ಮಾಳಿಗೆ ಮನೆಗಳಲ್ಲಿ. ಊರ ಹೆಬ್ಬಾಗಿಲಾದ ಅಗಸಿಯನ್ನು ದಾಟಿ ಒಳಗೆ ಹೋದರೆ, ಕಲ್ಲು ಮತ್ತು ಕೆಸರುಮಣ್ಣಿನ ದಪ್ಪ ಗೋಡೆಗಳ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡವಾಗಿ ಸಣ್ಣ ಮರದ ಜಂತಿಗಳು, ಅವುಗಳ ಮೇಲೆ ಕಟ್ಟಿಗೆ ಮತ್ತು ಎಲೆಗಳ ಹಾಸು, ಎಲ್ಲದರ ಮೇಲೆ ಮಣ್ಣು ಹಾಕಿ ಗಟ್ಟಿಗೊಳಿಸಿದ ಚಪ್ಪಟೆ ಮೇಲ್ಮುದ್ದೆ, ಮಳೆಗಾಲಕ್ಕೆ ಮೊದಲು ಅದರ ಮೇಲೆ ಹರಡುವ ಸವಳು ಮಣ್ಣು, ಹೀಗೆ ಕಡಿಮೆ ಮಳೆಯ ನಾಡಿಗೆ ಒಪ್ಪುವ ಕಟ್ಟಡ ವಿಧಾನವೊಂದು ಕಾಣಸಿಗುತ್ತಿತ್ತು. ಬಾಗಿಲೊಳಗೆ ತಗ್ಗಿನಲ್ಲಿ ದನ ಕಟ್ಟುವ ಜಾಗ, ಅದಕ್ಕಿಂತ ಎತ್ತರದಲ್ಲಿ ಮನೆಮಂದಿ ಕೂಡುವ ಪಡಸಾಲೆ, ಅದರಾಚೆ ಅಡುಗೆಮನೆ, ನೆತ್ತಿಯ ಮೇಲೆ ಬೆಳಕಿಂಡಿ, ನೆಲದಡಿ ಜೋಳ ತುಂಬಿಡುವ ಹಗೇವು, ದೊಡ್ಡ ಊರುಗಳಲ್ಲಿ ಕಾವಲಿಗೆಂದು ಕಟ್ಟಿದ ದುಂಡು ಗೋಪುರದಂಥ ಹುಡೇವು, ಇವೆಲ್ಲ ಸೇರಿ ಆ ವಾಸ್ತು ಪೂರ್ಣವಾಗುತ್ತಿತ್ತು. ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕೋಲು ಬೆಳಗಿನಿಂದ ಸಂಜೆಯವರೆಗೆ ಪಡಸಾಲೆಯನ್ನು ದಾಟುವಾಗ ಮನೆಯೊಳಗಿನ ಒಂದೊಂದೇ ಕೆಲಸದ ಜಾಗವನ್ನು ಬೆಳಗಿಸುತ್ತಿದ್ದುದರಿಂದ, ಅಂಥ ಮನೆಯ ಚಿತ್ರಕ್ಕೆ ಹೊರಗಿನ ಬೆಳಕು ಬೇಕಾಗುತ್ತಿರಲಿಲ್ಲ.

ಈ ಮನೆಗಳನ್ನು ಯಾವ ಇಲಾಖೆಯೂ ಸ್ಮಾರಕವೆಂದು ಕಾಯುವುದಿಲ್ಲ. ಮಾಳಿಗೆ ಸೋರಿದಾಗ ಪ್ರತಿ ವರ್ಷ ಮಣ್ಣು ಹೊರುವ ಕೈಗಳು ದುಡಿಯಲು ಊರು ಬಿಟ್ಟು ಹೋದ ಮೇಲೆ, ಒಂದು ಜೋರು ಮಳೆಗೆ ಗೋಡೆ ಕುಸಿಯುತ್ತದೆ. ಆ ಜಾಗದಲ್ಲಿ ಸಿಮೆಂಟಿನ ಮನೆ ಏಳುತ್ತದೆ. ಹೊಸ ಮನೆಯನ್ನು ದೂರುವ ಹಕ್ಕು ಅದರಲ್ಲಿ ವಾಸಿಸದವರಿಗಿಲ್ಲ. ಅರ್ಧ ಬಿದ್ದ ಮನೆಯೊಂದರ ಮುಂದೆ ಟ್ರೈಪಾಡ್ ನಿಲ್ಲಿಸಿದಾಗ ಆ ಮನೆಯ ಹಿರಿಯ ಹೆಣ್ಣುಮಗಳು “ಯಾಕಪಾ, ಬಿದ್ದ ಮನಿ ಫೋಟೊ ತಗದು ಏನ್ ಮಾಡ್ತಿ, ಹೊಸ ಮನಿ ಆದ ಮ್ಯಾಲೆ ಬಾ” ಎಂದು ಕರೆದದ್ದರಲ್ಲಿ ಆತಿಥ್ಯವೂ ಇತ್ತು, ನ್ಯಾಯವಾದ ಆಕ್ಷೇಪವೂ ಇತ್ತು. ಬಿದ್ದ ಮನೆಯ ಚಿತ್ರ ತೆಗೆಯುವವನು ಮನೆಯವರ ಕಷ್ಟದಿಂದ ಸೊಗಸನ್ನು ಹೆಕ್ಕುತ್ತಿರಬಹುದು. ಜಂತಿಗಳ ಜೋಡಣೆ ಹೊರಗೆ ಕಾಣುವುದು ಮನೆ ಬಿದ್ದಾಗಲೇ ಎಂಬುದೂ ನಿಜ. ಅಂದಿನಿಂದ ಹಳೆಯ ಮನೆಯ ಚಿತ್ರದ ಒಂದು ಪ್ರತಿಯನ್ನು ಮನೆಯವರಿಗೆ ಕೊಡುವುದು, ಹೊಸ ಮನೆಯಾದ ಮೇಲೆ ಅದೇ ಜಾಗದಲ್ಲಿ ನಿಂತು ಅದರ ಚಿತ್ರವನ್ನೂ ತೆಗೆಯುವುದು ವೃತ್ತಿಯ ರೂಢಿಯಾಯಿತು.

ಫಿಲ್ಮ್ ಹೋಗಿ ಡಿಜಿಟಲ್ ಬಂದ ಮೇಲೆ ದುಡಿಮೆಯ ರೀತಿ ಬಹಳ ಬದಲಾಯಿತು. ಬೇರೆಬೇರೆ ಹೊತ್ತು ತೆರೆದಿಟ್ಟು ತೆಗೆದ ಹಲವು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬೆಸೆದು ಕುಕನೂರಿನ ಹೊಸ್ತಿಲನ್ನೂ ಗರ್ಭಗುಡಿಯನ್ನೂ ಒಟ್ಟಿಗೆ ತೋರಿಸಬಹುದಾಗಿದೆ. ಕಟ್ಟಡದ ಸುತ್ತ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಕೂಡಿಕೊಳ್ಳುವಂತೆ ನೂರಾರು ಚಿತ್ರ ತೆಗೆದು, ಅವುಗಳಿಂದ ಅಳತೆಗೆ ಸರಿಯಾದ ಮೂರು ಆಯಾಮದ ಮಾದರಿಯನ್ನು ಲೆಕ್ಕ ಹಾಕುವ ಫೋಟೊಗ್ರಾಮೆಟ್ರಿ ಎಂಬ ವಿಧಾನವೂ ಈಗ ಸಾಮಾನ್ಯ ಕ್ಯಾಮೆರಾದ ಕೈಗೆಟುಕಿದೆ. ಕಾಯ್ದಿಟ್ಟ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲೂ ಡ್ರೋನ್ ಹಾರಿಸಲೂ ಅನುಮತಿ ಬೇಕಾಗುವುದರಿಂದ ಅರ್ಜಿ ಬರೆಯುವ ಕೆಲಸ ಮಾತ್ರ ಕಡಿಮೆಯಾಗಿಲ್ಲ. ಸಾಧನ ಯಾವುದಾದರೂ, ಉತ್ತರ ಗೋಡೆಗೆ ಜೂನ್ ತಿಂಗಳೇ ಬರಬೇಕು.

ವೃತ್ತಿಯ ಈ ಕೊನೆಯ ಭಾಗದಲ್ಲಿ ಈ ಲೇಖಕನು ಹೊಸಬರಿಗೆ ಹೇಳುವ ಮಾತು ಚಿತ್ರ ತೆಗೆಯುವುದಕ್ಕಿಂತ ಚಿತ್ರದ ಜೊತೆಗಿಡುವ ಬರಹಕ್ಕೆ ಸಂಬಂಧಿಸಿದ್ದು. ಊರು, ಕಟ್ಟಡ, ನಿಂತ ಜಾಗ, ಅಲ್ಲಿಂದ ಒಂದು ಗುರುತಿನ ಕಲ್ಲಿಗೋ ಮೂಲೆಗೋ ಇರುವ ದೂರ, ಲೆನ್ಸಿನ ಎತ್ತರ ಮತ್ತು ಅಳತೆ, ದಿನಾಂಕ, ಹೊತ್ತು, ಇಷ್ಟನ್ನು ಬರೆದಿಟ್ಟರೆ ಸಾಧಾರಣ ಚಿತ್ರವೂ ದಾಖಲೆಯಾಗುತ್ತದೆ. ಬರೆಯದಿದ್ದರೆ ಚೆಂದದ ಚಿತ್ರವೂ ಅಲಂಕಾರವಾಗಿಯೇ ಉಳಿಯುತ್ತದೆ. ಗ್ರೀನ್‌ಲಾನ ಜಾಗಗಳನ್ನು ಗೋಲಿಂಗ್ಸ್ ಹುಡುಕಿ ಹಿಡಿಯಲು ಸಾಧ್ಯವಾದದ್ದು ಬಂಡೆಗಳೂ ಕಲ್ಲಿನ ಕಟ್ಟಡಗಳೂ ತಮ್ಮ ಜಾಗದಲ್ಲಿಯೇ ಉಳಿದಿದ್ದರಿಂದ. ಮಾಳಿಗೆ ಮನೆಯ ಓಣಿಯಲ್ಲಿ ಹಾಗೆ ಉಳಿಯುವ ಗುರುತು ಬಾವಿಕಟ್ಟೆಯೋ ಹನುಮಪ್ಪನ ಗುಡಿಯೋ ಇರಬಹುದು, ಅಷ್ಟೇ. ಆನೆಗೊಂದಿಯ ಎದುರು ದಡಕ್ಕೆ 1856 ಎಂಬ ವರ್ಷವೊಂದು ದಕ್ಕಿತು. ಕುಷ್ಟಗಿ, ಯಲಬುರ್ಗಾಗಳ ಮನೆಗಳಿಗೆ ಅಂಥ ವರ್ಷ ಇನ್ನೂ ದಕ್ಕಿಲ್ಲ. ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವುದರಿಂದ ಅದನ್ನು ದಕ್ಕಿಸಿಕೊಡಲು ವೃತ್ತಿಯ ಛಾಯಾಗ್ರಾಹಕನೇ ಬೇಕೆಂದಿಲ್ಲ; ತನ್ನ ಓಣಿಯ ಮನೆಗಳ ಮುಂದೆ ನೇರವಾಗಿ ನಿಂತು, ಕ್ಯಾಮೆರಾವನ್ನು ಮಟ್ಟಸವಾಗಿ ಹಿಡಿದು, ನಿಂತ ಜಾಗವನ್ನು ಬರೆದಿಡುವ ತಾಳ್ಮೆ ಇದ್ದ ಯಾರಾದರೂ ಆ ಕೆಲಸವನ್ನು ಈ ವರ್ಷವೇ ಆರಂಭಿಸಬಹುದು.